ಕಲೈಗೆಂದು ಆರಿಸಿದ ಪುಸ್ತಕಗಳು

ಕೊಳ್ಳೇಗಾಲ
9 ಜೂನ್ 2024

ಪ್ರೀತಿಯ ತಂಗಿ ರೋಜಾಳಿಗೆ ಆಶೀರ್ವಾದ.

ಇನ್ನು ಮೇಲೆ ಫೋನ್ ಮಾಡಬೇಡ. ನನ್ನ ಕಿವಿ ಪೂರ್ತಿ ಕೈಕೊಟ್ಟಿದೆ. ನೀನು ಕೂಗುವುದು, ನಾನು ‘ಏನು, ಏನು’ ಅನ್ನುವುದು, ಕೊನೆಗೆ ಇಬ್ಬರೂ ಸಿಡುಕಿಕೊಂಡು ಫೋನ್ ಇಡುವುದು. ಅದಕ್ಕಿಂತ ಕಾಗದವೇ ವಾಸಿ.

ಈ ಪಾರ್ಸೆಲ್ಲಿನಲ್ಲಿ ಕಲೈಗೆ ಮೂರು ಪುಸ್ತಕ ಇಟ್ಟಿದ್ದೇನೆ. ಮೂರೂ ಹದಿನೈದು ವರ್ಷದ ಹುಡುಗಿಗೆ ಹೇಳಿ ಮಾಡಿಸಿದಂಥವು. ಮೂವತ್ತೆಂಟು ವರ್ಷ ಕನ್ನಡ ಪಾಠ ಹೇಳಿದವಳು ನಾನು, ಯಾವ ವಯಸ್ಸಿಗೆ ಯಾವ ಪುಸ್ತಕ ಎಂದು ಇನ್ನೊಬ್ಬರನ್ನು ಕೇಳಬೇಕಿಲ್ಲ. ಮೂರನೆಯದರಲ್ಲಿ ಎಪ್ಪತ್ತೊಂದರಿಂದ ಎಪ್ಪತ್ತಾರನೇ ಪುಟದವರೆಗೆ ಸೇರಿಸಿ ಪಿನ್ ಹೊಡೆದಿದ್ದೇನೆ. ಬೆಳೆಯುವ ಹುಡುಗಿ ಓದುವಂಥದ್ದಲ್ಲ. ಬಿಚ್ಚಕೂಡದು ಎಂದು ಹೇಳು.

ಮುಂದಿನ ಜೂನ್‌ಗೆ ಅವಳು ಸೇಲಂ ಹಾಸ್ಟೆಲ್ ಸೇರುತ್ತಾಳೆ, ಅಲ್ಲಿ ಫೋನ್ ಇಟ್ಟುಕೊಳ್ಳುವಂತಿಲ್ಲ, ಭಾನುವಾರ ವಾರ್ಡನ್ ಫೋನಿನಲ್ಲಿ ಐದು ನಿಮಿಷ ಮಾತ್ರ ಎಂದು ನೀನು ಬರೆದಿದ್ದೆ. ನೀನೋ ಪೆನ್ನಾಗರಂಗೆ ಸೊಸೆಯಾಗಿ ಹೋಗಿ ಹದಿನೇಳು ವರ್ಷವಾದರೂ ತಮಿಳಿನಲ್ಲಿ ಬಸ್ಸಿನ ಬೋರ್ಡ್ ಓದಲಾರೆ. ಪುಣ್ಯಕ್ಕೆ ಮಗಳಿಗೆ ಕನ್ನಡ ಕಲಿಸಿದ್ದೀಯ. ತಾಯಿ ಮಗಳು ಕಾಗದವನ್ನಾದರೂ ಬರೆದುಕೊಳ್ಳಬಹುದು. ಇಲ್ಲದಿದ್ದರೆ ನಿನ್ನ ಗತಿ ಏನಾಗುತ್ತಿತ್ತು, ಯೋಚಿಸು.

ಒಂದೇ ಬೇಸರ. ಎರಡು ವರ್ಷದಲ್ಲಿ ಹದಿನಾರು ಪುಸ್ತಕ ಕಳಿಸಿದ್ದೇನೆ. ಅಷ್ಟು ಓದಿದ ಹುಡುಗಿಗೆ ದೊಡ್ಡಮ್ಮನಿಗೆ ಎರಡು ಸಾಲು ಬರೆಯಲು ಕೈ ಬರುವುದಿಲ್ಲವೇ?

ನಿನ್ನ ಅಕ್ಕ
ಜ್ಯೋತಿಲಕ್ಷ್ಮಿ

*

ಪೆನ್ನಾಗರಂ
2 ಜುಲೈ 2024

ಅಕ್ಕನಿಗೆ ರೋಜಾ ಮಾಡುವ ನಮಸ್ಕಾರ.

ಪುಸ್ತಕಗಳು ಬಂದವು. ಕಲೈ ಮೂರನ್ನೂ ಒಂದೇ ವಾರದಲ್ಲಿ ಮುಗಿಸಿದಳು. ಎರಡನೆಯದು ತುಂಬಾ ಹಿಡಿಸಿತು. ಆ ಹುಡುಗಿ ಕಾಡಿಗೆ ಹೋಗಿ ದಾರಿ ತಪ್ಪುತ್ತಾಳಲ್ಲ, ಆಗ ಅವಳ ಚಪ್ಪಲಿ ಕಿತ್ತುಹೋಗುವುದು, ಅದನ್ನು ಬಳ್ಳಿಯಿಂದ ಕಟ್ಟಿಕೊಳ್ಳುವುದು ಎಷ್ಟು ಚೆನ್ನಾಗಿದೆ ಎಂದು ಹೇಳಿದಳು. ಹೊಗೆನಕಲ್‌ನ ನಮ್ಮ ಮೀನಂಗಡಿಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಗಿರಾಕಿ ಕಡಿಮೆಯಾದಾಗ ಕುಳಿತು ಓದಿದರೆ ಸಮಯ ಹೋಗಿದ್ದೇ ತಿಳಿಯುವುದಿಲ್ಲ. ಅಂದರೆ, ಶಾಲೆ ಇಲ್ಲದ ದಿನ ಅವಳು ಅಂಗಡಿಗೆ ಬರುತ್ತಾಳೆ.

ಮೂರನೇ ಪುಸ್ತಕದ ಪಿನ್ನುಗಳು ಪಾರ್ಸೆಲ್ಲಿನಲ್ಲೇ ಸಡಿಲವಾಗಿ ಬಿಚ್ಚಿಕೊಂಡಿದ್ದವು. ನಾನೇ ಒಮ್ಮೆ ಕಣ್ಣಾಡಿಸಿದೆ. ಅದರಲ್ಲಿ ಅಂಥದ್ದೇನೂ ಇಲ್ಲವಲ್ಲ ಅಕ್ಕ? ಹುಡುಗಿ ಅಪ್ಪನಿಗೆ ‘ಆಗಲ್ಲ’ ಅನ್ನುತ್ತಾಳೆ, ಅಷ್ಟೇ.

ಕಾಗದ ಬರೆಯುವುದಕ್ಕೆ ಅವಳಿಗೆ ಪುರುಸೊತ್ತಿಲ್ಲ. ಈ ವರ್ಷ ಹತ್ತನೇ ತರಗತಿ, ಪಬ್ಲಿಕ್ ಪರೀಕ್ಷೆ.

ಇನ್ನೊಂದು ಮಾತು. ಪಕ್ಕದ ಮನೆಯವರ ಮಗು ಕನ್ನಡ ಅಕ್ಷರ ಕಲಿಯಬೇಕೆಂದು ಆಸೆಪಡುತ್ತಿದೆ. ದೊಡ್ಡ ಅಕ್ಷರದ ಪುಸ್ತಕ ಒಂದಿದ್ದರೆ ಕಳಿಸು. ಅವಸರವಿದೆ.

ನಿನ್ನ ತಂಗಿ
ರೋಜಾ

*

ಕೊಳ್ಳೇಗಾಲ
28 ಜುಲೈ 2024

ಪ್ರೀತಿಯ ರೋಜಾ,

ಪಕ್ಕದ ಮನೆಯ ಮಗುವಿಗೆ ಮೊದಲ ಓದಿನ ಪುಸ್ತಕ ಕಳಿಸಿದ್ದೇನೆ. ಕಾಗೆ, ಇರುವೆ, ಚೆಂಡು, ಬಣ್ಣದ ಚಿತ್ರ ಎಲ್ಲ ಇದೆ. ಆರು ವರ್ಷದ ಮಗುವಿಗೆ ಸರಿಹೋಗುತ್ತದೆ. ಮಗುವಿನ ವಯಸ್ಸು ಬರೆಯಲೇ ಇಲ್ಲ ನೀನು.

ಕಲೈಗೆ ಮುನ್ನೂರು ಪುಟದ ಕಾದಂಬರಿ. ಅವಳು ಓದುವ ವೇಗ ನೋಡಿದರೆ ಇದೂ ಸಾಲದೇನೋ! ಈ ಸಲ ಪಿನ್ನನ್ನು ಎರಡೆರಡು ಕಡೆ ಹೊಡೆದಿದ್ದೇನೆ, ಸಡಿಲವಾಗುವುದಿಲ್ಲ.

ಈಗ ಸಂತೋಷದ ಸುದ್ದಿ. ನಮ್ಮ ಬೀದಿಯ ಗ್ರಂಥಾಲಯದಲ್ಲಿ ಡಿಸೆಂಬರ್ 28ಕ್ಕೆ ಮಕ್ಕಳ ಓದಿನ ಕಾರ್ಯಕ್ರಮ ಇಟ್ಟಿದ್ದಾರೆ. ಮಕ್ಕಳು ತಮಗೆ ಇಷ್ಟವಾದ ಪುಸ್ತಕದಿಂದ ಎರಡು ಪುಟ ಗಟ್ಟಿಯಾಗಿ ಓದಬೇಕು. ನಾನು ಕಲೈ ಹೆಸರು ಕೊಟ್ಟಿದ್ದೇನೆ. ಹೊಗೆನಕಲ್ ದಾಟಿದರೆ ತಮಿಳು ಬಿಟ್ಟು ಇನ್ನೇನಿಲ್ಲ ಅನ್ನುವ ನನ್ನ ಹಳೆಯ ಸಹೋದ್ಯೋಗಿಗಳೆಲ್ಲ ಬಂದು ಕೇಳಲಿ. ನನ್ನ ಕಿವಿಗೆ ಬೀಳದಿದ್ದರೂ ಪರವಾಗಿಲ್ಲ, ಅವಳ ತುಟಿ ನೋಡುತ್ತ ಮುಂದೆಯೇ ಕೂರುತ್ತೇನೆ.

ಜ್ಯೋತಿಲಕ್ಷ್ಮಿ

*

ಪೆನ್ನಾಗರಂ
19 ಆಗಸ್ಟ್ 2024

ಅಕ್ಕ,

ಹೆಸರು ಕೊಡುವ ಮುಂಚೆ ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಎಲ್ಲದಕ್ಕೂ ನಿನ್ನದೇ ಅವಸರ. ಚಿಕ್ಕಂದಿನಿಂದ ಹೀಗೆಯೇ. ನನ್ನ ಜಡೆ ಎಷ್ಟು ಉದ್ದ ಇರಬೇಕು ಅನ್ನುವುದನ್ನೂ ನೀನೇ ತೀರ್ಮಾನಿಸುತ್ತಿದ್ದೆ.

ಅವಳು ಬರುವುದಿಲ್ಲ. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಕೂಡಲೇ ಶಾಲೆಯಲ್ಲಿ ವಿಶೇಷ ತರಗತಿ ಇಡುತ್ತಾರೆ. ಅಲ್ಲದೆ ಅವಳಿಗೆ ಜನರ ಮುಂದೆ ನಾಚಿಕೆ. ಅಲ್ಲದೆ ರಜೆಯ ದಿನಗಳಲ್ಲಿ ಹೊಗೆನಕಲ್‌ನಲ್ಲಿ ಜನವೋ ಜನ, ಅಂಗಡಿ ಬಿಟ್ಟು ನಾನು ಬರಲಾರೆ, ಅವಳೊಬ್ಬಳನ್ನೇ ಕಳಿಸಲಾರೆ.

ಹೆಸರು ತೆಗೆಸಿಬಿಡು. ಇದರ ಬಗ್ಗೆ ಇನ್ನು ಬರೆಯಬೇಡ.

ರೋಜಾ

*

ಕೊಳ್ಳೇಗಾಲ
3 ಸೆಪ್ಟೆಂಬರ್ 2024

ರೋಜಾ,

ಒಂದು ಕಾರಣ ಇದ್ದವರು ಒಂದನ್ನು ಹೇಳುತ್ತಾರೆ. ನೀನು ಮೂರು ಹೇಳಿದ್ದೀಯ. ಮೂವತ್ತೆಂಟು ವರ್ಷ ಮಕ್ಕಳು ಹೋಮ್‌ವರ್ಕ್ ತರದೆ ಹೇಳಿದ ಕಾರಣಗಳನ್ನು ಕೇಳಿದವಳು ನಾನು.

ನನಗೆ ಗೊತ್ತಾಗಿದೆ. ತಿಮ್ಮರಾಜುಗೆ ಇದು ಇಷ್ಟವಿಲ್ಲ, ಅಲ್ಲವೇ? ತಮಿಳು ಶಾಲೆಯಲ್ಲಿ ಓದುವ ಮಗಳಿಗೆ ಕನ್ನಡ ಏಕೆ ಎಂದು ನಿನ್ನ ಗಂಡ ಅಡ್ಡ ಬರುತ್ತಿದ್ದಾನೆ. ಹೆಸರನ್ನೂ ಅವನೇ ಕಲೈಸೆಲ್ವಿ ಎಂದು ಇಟ್ಟದ್ದು. ಪಾಪದ ಹುಡುಗಿ ಕದ್ದುಮುಚ್ಚಿ ಓದುತ್ತಿದ್ದಾಳೋ ಏನೋ. ನಾನೇ ಬಂದು ಅವನ ಹತ್ತಿರ ಮಾತಾಡುತ್ತೇನೆ.

ಕೊಟ್ಟ ಹೆಸರು ಕೊಟ್ಟಾಯಿತು. ತೆಗೆಸುವುದಿಲ್ಲ.

ಜ್ಯೋತಿಲಕ್ಷ್ಮಿ

*

ಪೆನ್ನಾಗರಂ
30 ಸೆಪ್ಟೆಂಬರ್ 2024

ಅಕ್ಕ,

ಆ ಮನುಷ್ಯನನ್ನು ಬೈಯಬೇಡ. ಅವರ ತಪ್ಪು ಏನೂ ಇಲ್ಲ. ಇಲ್ಲಿಗೆ ಬರಲೂ ಬೇಡ, ಎಲ್ಲವನ್ನೂ ನಾನೇ ಬರೆಯುತ್ತೇನೆ.

ಕಲೈಗೆ ಕನ್ನಡ ಓದಲು ಬರುವುದಿಲ್ಲ. ಒಂದಕ್ಷರವೂ ಬರುವುದಿಲ್ಲ.

ಅವಳಿಗೆ ಆರು ವರ್ಷವಾದಾಗ ಸ್ಲೇಟು ಕೊಟ್ಟು ಕೂರಿಸಿದ್ದೆ. ಶಾಲೆಯಲ್ಲಿ ತಮಿಳು ಅಕ್ಷರದ ನಡುವೆ ಕನ್ನಡ ಅಕ್ಷರ ಕಲಸಿ ಬರೆದಳೆಂದು ಟೀಚರ್ ಕರೆಸಿ ಹೇಳಿದರು. ನಿಲ್ಲಿಸಿದೆ. ಮುಂದಿನ ವರ್ಷ ನೋಡೋಣ ಅಂದುಕೊಂಡೆ. ಮುಂದಿನ ವರ್ಷ ಅಂಗಡಿ ಇಟ್ಟೆವು. ಬೆಳಗ್ಗೆ ಎದ್ದರೆ ಮೀನು ಉಜ್ಜುವುದು, ಕೊಯ್ಯುವುದು, ಮಸಾಲೆ ಹಚ್ಚುವುದು. ಹೀಗೇ ಒಂಬತ್ತು ವರ್ಷ ಹೋಯಿತು. ನೀನು ಮೊದಲ ಪುಸ್ತಕ ಕಳಿಸಿ ‘ಓದುತ್ತಾಳಾ?’ ಎಂದು ಫೋನಿನಲ್ಲಿ ಕೇಳಿದಾಗ ‘ಹೂಂ’ ಅಂದುಬಿಟ್ಟೆ. ನಿನಗೆ ಇಲ್ಲ ಅನ್ನುವ ಧೈರ್ಯ ನನಗೆ ಯಾವತ್ತು ಇತ್ತು? ಆ ಒಂದು ಹೂಂ ಕಾಪಾಡಿಕೊಳ್ಳಲು ಎರಡು ವರ್ಷ ಕಥೆ ಕಟ್ಟಿದೆ.

ಪುಸ್ತಕಗಳನ್ನೆಲ್ಲ ಓದಿದವಳು ನಾನು. ಪಿನ್ ಬಿಚ್ಚಿದವಳೂ ನಾನೇ. ಬೆಳಗ್ಗೆ ಮೀನು ಉಜ್ಜುವಾಗ ಆ ಕಥೆಗಳನ್ನು ಅವಳಿಗೆ ಹೇಳುತ್ತಿದ್ದೆ. ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಾ ಕೇಳುತ್ತಿದ್ದಳು. ಅಷ್ಟು ಮಾತ್ರ ನಿಜ.

ಪಕ್ಕದ ಮನೆಯಲ್ಲಿ ಮಗುವಿಲ್ಲ. ಅಕ್ಷರದ ಪುಸ್ತಕ ಇವಳಿಗೇ. ಡಿಸೆಂಬರ್ ಒಳಗೆ ಎರಡು ಪುಟವನ್ನಾದರೂ ಓದಿಸಿಬಿಡುತ್ತೇನೆ ಎಂದು ಹುಚ್ಚು ಹಿಡಿದವಳ ಹಾಗೆ ಕೂರಿಸಿದೆ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ‘ಕಾಗೆ ಕಪ್ಪು, ಇರುವೆ ಚಿಕ್ಕದು’ ಎಂದು ಹೇಳಿಕೊಟ್ಟೆ. ಅವಳು ನಕ್ಕಳು.

“ಅಮ್ಮಾ, ನಾನ್ ಪತ್ತಾವ್ದು ಕ್ಲಾಸು ಓದ್ತಾ ಇವ್ನಿ. ನಾಳೆ ನಂಗೆ ಸೈನ್ಸ್ ಟೆಸ್ಟ್ ಐತೆ. ನೀನು ಕಾಗೆ ಕಪ್ಪು ಅಂತ ಏಳ್ಕೊಡ್ತೀಯಾ?” ಅಂದಳು.

ಅದೇ ಪುಸ್ತಕ ತೆಗೆದು ಅವಳ ಕೆನ್ನೆಗೆ ಹೊಡೆದೆ. ಹುಟ್ಟಿದಾಗಿನಿಂದ ಅವಳ ಮೇಲೆ ಕೈ ಮಾಡಿರಲಿಲ್ಲ ಅಕ್ಕ. ಅವಳು ಅಳಲಿಲ್ಲ. ಎದ್ದು ಹೊರಗೆ ಹೋದಳು.

ಇವರು ಬಾಗಿಲಲ್ಲೇ ನಿಂತಿದ್ದರು. “ಯಾಕ್ಲೇ ಮಗೂನ ಒಡೀತೀಯ? ಬಾಯಾಗೆ ಕನ್ನಡ ಐತೆ, ಅಷ್ಟು ಪೋದುಂ, ಸಾಕು. ಬುಕ್ಕಾಗೂ ಇರ್ಬೇಕಾ? ನಂಗೂ ಕನ್ನಡ ಓದಾಕೆ ಬರಲ್ಲ. ನಾನ್ ಬದುಕಿಲ್ವಾ?” ಅಂದರು.

ಬದುಕಿದ್ದಾರೆ. ಆದರೆ ಅವರು ಹಾಸ್ಟೆಲ್‌ಗೆ ತಮಿಳಿನಲ್ಲಿ ಕಾಗದ ಬರೆಯುತ್ತಾರೆ, ಅವಳು ಓದುತ್ತಾಳೆ. ನಾನು ಬರೆದದ್ದನ್ನು ಅವಳಿಗೆ ಯಾರು ಓದಿ ಹೇಳುತ್ತಾರೆ? ನನ್ನ ಮಗಳಿಗೆ ಒಂದು ಮಾತು ಬರೆಯಬೇಕಾದರೂ ಗಂಡನ ಕೈಯಲ್ಲಿ ಬರೆಸಬೇಕು. ಹೆಂಗಸರ ಎಷ್ಟು ಮಾತು ಹಾಗೆ ಬರೆಸಲು ಆಗುತ್ತದೆ? ನೀನೇ ಹೇಳು.

ಅಂಗಡಿಯಲ್ಲಿ ಹುಡುಕಿ ನೋಡು ಅಕ್ಕ. ಆರು ವರ್ಷದ ಮಕ್ಕಳು ಓದುವಷ್ಟು ಸುಲಭ ಇರಬೇಕು, ಹದಿನೈದು ವರ್ಷದವಳಿಗೆ ಅವಮಾನ ಆಗಬಾರದು. ಅಂಥ ಒಂದು ಪುಸ್ತಕ ಇದ್ದರೆ ಕಳಿಸು. ಇಲ್ಲದಿದ್ದರೆ ಏನೂ ಕಳಿಸಬೇಡ.

ರೋಜಾ

*

ಕೊಳ್ಳೇಗಾಲ
12 ಅಕ್ಟೋಬರ್ 2024

ರೋಜಾ,

ಹೆಸರು ತೆಗೆಸಿದ್ದೇನೆ. ಹುಡುಗಿಗೆ ಬಿಟ್ಟುಬಿಟ್ಟು ಜ್ವರ ಬರುತ್ತಿದೆ ಎಂದು ಹೇಳಿದೆ. ಈಗ ನಾನೂ ಸುಳ್ಳು ಹೇಳಿದ ಹಾಗಾಯಿತು.

ನಿನಗೆ ಅಕ್ಷರ ಕಲಿಸಿದವಳು ನಾನು. ನನಗೇ ಸುಳ್ಳು ಬರೆದೆ. ಅದೂ ಚಪ್ಪಲಿ, ಬಳ್ಳಿ ಎಂದೆಲ್ಲ ಸೇರಿಸಿ. ಒಂದೊಂದು ಪುಸ್ತಕ ಆರಿಸಲು ನಾನು ಎಷ್ಟು ದಿನ ಅಂಗಡಿಯಲ್ಲಿ ನಿಂತಿದ್ದೆ ಎಂಬುದು ನಿನಗೆ ಗೊತ್ತೇ?

ನೀನು ಕೇಳಿದಂಥ ಪುಸ್ತಕ ಎಲ್ಲೂ ಇಲ್ಲ. ಸುಲಭದ್ದೆಲ್ಲ ಕಾಗೆ, ಇರುವೆ. ಏನೂ ಕಳಿಸುತ್ತಿಲ್ಲ.

ಜ್ಯೋತಿಲಕ್ಷ್ಮಿ

*

ಪೆನ್ನಾಗರಂ
20 ನವೆಂಬರ್ 2024

ದೊಡ್ಡಮ್ಮನವ್ರಿಗೆ, ಕಲೈಸೆಲ್ವಿ ಬರ್ಯೋದು.

ನಂಗೆ ಕನ್ನಡ ಅಕ್ಷರ ಬರಲ್ಲ. ಅದಕ್ಕೆ ನಮ್ ಮಾತ್ನ ತಮಿಳು ಅಕ್ಷರದಾಗೆ ಬರೀತಾ ಇವ್ನಿ. ನಮ್ಮಪ್ಪ ಅಂಗಡಿ ಸಾಮಾನಿನ ಲಿಸ್ಟು ಇಂಗೇ ಬರ್ಯೋದು. ತಮಿಳು ಗೊತ್ತಿರೋರ ಕೈಯಾಗೆ ಕೊಡಿ. ಅವ್ರು ಓದಿದ್ರೆ ನಮ್ ಮಾತೇ ಬತ್ತದೆ.

ನಾನ್ ಓದಲ್ಲ ಅಂತ ನೀವೂ ಅಮ್ಮನೂ ಅಳ್ತಾ ಇದೀರ. ಈ ವರ್ಷ ನಾನ್ ಸ್ಕೂಲ್ ಲೈಬ್ರರಿಯಾಗೆ ನಲವತ್ತೊಂದು ಬುಕ್ ಓದಿವ್ನಿ. ತಮಿಳು ಬುಕ್ಕು. ಟೀಚರ್ ನನ್ ಹೆಸ್ರು ಬೋರ್ಡ್ ಮೇಲೆ ಬರ್ದವ್ರೆ. ನಾನ್ ಬುಕ್ ಇಟ್ಕೊಂಡು ಕೂತಿದ್ರೆ ಅಮ್ಮ ಬಂದು “ಸುಮ್ನೆ ಕೂತಿದೀಯಲ್ಲ, ಏನಾದ್ರೂ ಓದು” ಅಂತಾಳೆ. ಕೈಯಾಗಿರೋ ಬುಕ್ಕು ಅವಳ ಕಣ್ಗೇ ಬೀಳಲ್ಲ.

ನೀವು ಕಳ್ಸಿದ ಕತೆ ಎಲ್ಲ ನಂಗೆ ಗೊತ್ತು. ಅಮ್ಮ ಏಳವ್ಳೆ. ನಿಮ್ ಬುಕ್ಕಾಗೆ ಒಬ್ಬ ಹುಡುಗೀಗೂ ಕೋಪ ಬರಲ್ಲ. ಬಂದ್ರೆ ಮುಂದಿನ ಪುಟದಾಗೆ ಅವಳ್ಗೆ ಜ್ವರ ಬತ್ತದೆ. ಆಮೇಲೆ ಅಪ್ಪನ ಕಾಲಿಗೆ ಬಿದ್ದು ಕ್ಷಮ್ಸಿ ಅಂತಾಳೆ. ಅವ್ಳು ಮಾಡಿದ್ದಾದ್ರೂ ಏನು? ನೀವು ಪಿನ್ ಒಡ್ದಿದ್ದ ಪುಟಾನೂ ಅಮ್ಮ ಏಳಿದ್ಳು. ಅದೊಂದೇ ಚೆನ್ನಾಗಿತ್ತು.

ಅಮ್ಮ ನನ್ನ ಒಡ್ದಿದ್ದು ನಿಮ್ಗೆ ಬರ್ದಿರ್ತಾಳೆ. ಕಾಗೆ ಬುಕ್ಕಾಗೆ ಒಡ್ದಳು. ನಂಗೆ ಕನ್ನಡ ಓದಾಕೆ ಬರಲ್ಲ. ನಿಮ್ಮಿಬ್ರಿಗೂ ತಮಿಳು ಓದಾಕೆ ಬರಲ್ಲ. ಅದಕ್ಕೆ ನಾನ್ ಯಾರ್ನೂ ಒಡೀಲಿಲ್ಲ.

ನೀವು ಬುಕ್ ನಿಲ್ಸಿದ್ಮೇಲೆ ಅಮ್ಮ ಮೀನ್ ಉಜ್ಜೋವಾಗ ಮಾತೇ ಆಡಲ್ಲ. ನಾನೂ ಆಡಲ್ಲ. ಬೆಳ್ಳುಳ್ಳಿ ಸುಲ್ದು ಎದ್ದೋಗ್ತೀನಿ. ನಂಗೆ ಬುಕ್ ಬೇಡ. ಅಮ್ಮಂಗೆ ಕಳ್ಸಿ. ದೊಡ್ಡೋರು ಓದೋದು ಕಳ್ಸಿ, ಪಾವಂ, ಮಕ್ಕಳ ಕತೆ ಓದಿ ಓದಿ ಅವಳ್ಗೂ ಸಾಕಾಗೈತೆ.

ಕಲೈ

*

ಕೊಳ್ಳೇಗಾಲ
15 ಡಿಸೆಂಬರ್ 2024

ಪ್ರೀತಿಯ ರೋಜಾ,

ನಿನ್ನ ಮಗಳು ನನಗೆ ಕಾಗದ ಬರೆದಿದ್ದಳು. ನಿನಗೆ ಗೊತ್ತಿರಲಿಕ್ಕಿಲ್ಲ. ತಮಿಳು ಅಕ್ಷರ ನೋಡಿ ನನಗೆ ತಲೆಬುಡ ತಿಳಿಯದೆ, ಸಂತೆಯಲ್ಲಿ ಬಾಳೆಲೆ ಮಾರುವ ಮುತ್ತುಸ್ವಾಮಿಯ ಹತ್ತಿರ ಹೋದೆ. ಅವನು ಎರಡು ಸಾಲು ಓದಿ, “ಅಯ್ಯೋ, ಇದು ತಮಿಳಲ್ಲ ಟೀಚರಮ್ಮ, ಕನ್ನಡ!” ಅಂದ. ನನಗೆ ಕೇಳಿಸಬೇಕಾದರೆ ಕೂಗಬೇಕು. ಕೂಗಿದ. ನಿನ್ನ ಮಗಳು ನನಗೆ ಬೈದದ್ದನ್ನು ಅರ್ಧ ಸಂತೆ ನಿಂತು ಕೇಳಿತು. ಎಲೆ ಕೊಳ್ಳಲು ಬಂದವಳೊಬ್ಬಳು ‘ಸರಿಯಾಗಿ ಹೇಳಿದ್ದಾಳೆ’ ಎಂಬಂತೆ ತಲೆಯಾಡಿಸಿದಳು. ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅಲ್ಲೇ ಎಲೆಯ ಕಟ್ಟಿನ ಮೇಲೆ ಕೂತು, ಅವನು ಹೇಳಿದ ಹಾಗೆ ಬರೆದುಕೊಂಡೆ.

ಮನೆಗೆ ಬಂದು ಬೈಗುಳ ಓದಿಕೊಂಡು ಎರಡು ದಿನ ಉರಿದೆ. ಮೂರನೇ ದಿನ ಹೊಳೆಯಿತು. ನೀನು ಕೇಳಿದ ಪುಸ್ತಕ ಈ ಕಾಗದವೇ ಅಲ್ಲವೇ? ಇದರ ಒಂದೊಂದು ಮಾತೂ ಅವಳಿಗೆ ಬಾಯಿಪಾಠ. ಅಕ್ಷರ ಗುರುತಿಸಿದರೆ ಸಾಕು. ಕಾಗೆ, ಇರುವೆ ಹಂಗಿಲ್ಲ.

ದೊಡ್ಡ ಅಕ್ಷರದಲ್ಲಿ, ಒಂದೊಂದು ಪುಟಕ್ಕೆ ಎರಡೆರಡು ಮಾತು ಬರೆದು, ದಾರ ಹಾಕಿ ಹೊಲಿದಿದ್ದೇನೆ. ಹದಿನಾಲ್ಕು ಪುಟ. ಅವಳು ಐತೆ ಎಂದಲ್ಲಿ ಐತೆ ಎಂದೇ ಬರೆದೆ. ಕೆಂಪು ಪೆನ್ನು ಹಿಡಿದ ಕೈ ಅದಕ್ಕೆ ಎಷ್ಟು ಒದ್ದಾಡಿತೋ ನನಗೇ ಗೊತ್ತು. ಅವಳ ಕಾಗದ ನೀನು ನೋಡದಿದ್ದರೆ ಚಿಂತೆಯಿಲ್ಲ. ಎಲ್ಲವೂ ಇದರಲ್ಲಿದೆ.

ಜೊತೆಗೆ ನಿನಗೊಂದು ಪುಸ್ತಕ. ದೊಡ್ಡವರದು. ಪಿನ್ ಇಲ್ಲ.

ನಿನ್ನ ಅಕ್ಕ
ಜ್ಯೋತಿಲಕ್ಷ್ಮಿ

*

ಪೆನ್ನಾಗರಂ
27 ಏಪ್ರಿಲ್ 2025

ಅಕ್ಕನಿಗೆ ನಮಸ್ಕಾರ.

ಉತ್ತರ ಬರೆಯಲು ತಡವಾಯಿತು. ಒಳ್ಳೆಯ ಸುದ್ದಿ ಬರೆಯೋಣ ಎಂದು ಕಾದೆ. ಕಾದದ್ದೇ ಬಂತು.

ನೀನು ಹೊಲಿದ ಪುಸ್ತಕವನ್ನು ಅವಳ ಕೈಗೆ ಕೊಟ್ಟೆ. ಮುಟ್ಟಿ ನೋಡಿ “ಪಬ್ಲಿಕ್ ಮುಗೀಲಿ” ಅಂದಳು. ಪರೀಕ್ಷೆ ಮುಗಿದು ಹನ್ನೆರಡು ದಿನವಾಯಿತು. ಬೋರಲು ಮಲಗಿಕೊಂಡು ಯಾವುದೋ ತಮಿಳು ಪುಸ್ತಕ ಓದುತ್ತಾಳೆ. ಈಗ ನಾನು ‘ಸುಮ್ಮನೆ ಕೂತಿದ್ದೀಯ’ ಅನ್ನುವುದಿಲ್ಲ. ‘ಏನು ಕಥೆ’ ಎಂದು ಕೇಳಿದೆ. “ನಿಂಗೆ ಬೇಕಾಗಲ್ಲ ಬಿಡು” ಅಂದಳು. ಬಲವಂತ ಮಾಡಲು ನನಗೆ ಬಾಯಿಲ್ಲ. ಜೂನ್ ಬಂದೇ ಬಿಟ್ಟಿತು. ನನಗೆ ಸಾಕುಸಾಕಾಗಿದೆ ಅಕ್ಕ.

ಪುಸ್ತಕವನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಒಂದು ವಿಷಯಕ್ಕೆ ಮಾತ್ರ ಸಮಾಧಾನ. ನಿನ್ನ ಮೇಲೆ ಅಷ್ಟು ಕೋಪ ಮಾಡಿಕೊಂಡವಳು, ನಾನು ಹೊಡೆದ ವಿಷಯ ಎಲ್ಲೂ ಎತ್ತಿಲ್ಲ. ಒಂದು ಮಾತೂ ಇಲ್ಲ. ದಿನಾ ಬೆಳಗ್ಗೆ ಮೀನಿನ ಮುಂದೆ ಕೂತಾಗ ‘ತಪ್ಪಾಯ್ತು ಕಣೇ’ ಎಂದು ಹೇಳಿಬಿಡಬೇಕು ಅನ್ನಿಸುತ್ತಿತ್ತು, ನಾಲಗೆ ಏಳುತ್ತಿರಲಿಲ್ಲ. ಈಗ ಆ ಭಾರ ಇಳಿಯಿತು. ಅವಳು ಮರೆತುಬಿಟ್ಟಿದ್ದಾಳೆ. ನಾನೂ ಇನ್ನು ಅದನ್ನು ಕೆದಕುವುದಿಲ್ಲ.

ನಿನ್ನ ತಂಗಿ
ರೋಜಾ

*

ಸೇಲಂ
29 ಜೂನ್ 2025

ದೊಡ್ಡಮ್ಮ,

ಇದು ಕನ್ನಡ ಅಕ್ಷರ. ನಾನೇ ಬರ್ದಿದ್ದು. ತಪ್ಪು ಇರ್ತದೆ. ತಿದ್ದಿ ವಾಪಸ್ ಕಳಿಸ್ಬೇಡಿ.

ನೀವು ಒಲ್ದಿದ್ದ ಬುಕ್ಕು ಆಸ್ಟೆಲ್‌ಗೆ ತಂದೆ. ಅಮ್ಮಂಗೆ ಏಳ್ಲಿಲ್ಲ. ಇಲ್ಲಿ ದಿನಾ ಒಂದು ಪುಟ ನೋಡ್ದೆ. ನಾನೇ ಏಳಿದ ಮಾತು ಅಲ್ವಾ, ಮೊದ್ಲು ಮಾತು ನೆನಪಾಗ್ತದೆ, ಆಮೇಲೆ ಅಕ್ಷರ ಗೊತ್ತಾಗ್ತದೆ. ಅಮ್ಮನ ಕಾಗ್ದ ಬಂತು. ಓದಾಕೆ ನಾಕು ದಿನ ಆಯ್ತು. ತಲೆಗೆ ಎಣ್ಣೆ ಅಚ್ಕೋ, ಸರಿಯಾಗಿ ಉಣ್ಣು ಅಂತ ಐತೆ. ಅಷ್ಟೇ ಐತೆ.

ಒಂಬತ್ನೇ ಪುಟದಾಗೆ ಪಿನ್ ಒಡ್ದಿದ್ದ ಪುಟದ ಮಾತು. ಅತ್ನೇ ಪುಟದಾಗೆ ನೀವು ಬುಕ್ ನಿಲ್ಸಿದ ಮಾತು. ನಡುವೆ ನಾನ್ ಬರ್ದಿದ್ದು ಇಲ್ಲ. ನಂಗೇ ಓದಾಕೆ ಬರ್ಲಿಲ್ವೇನೋ ಅಂತ ಬೆರಳಿಟ್ಟು ಮೂರು ಸಲ ಓದ್ದೆ. ಇಲ್ಲ. ನೀವು ಬಿಟ್ಟಿದೀರ.

ನಾನ್ ಮರ್ತೋದೆ ಅಂತ ಅಮ್ಮ ಅಂದ್ಕೊಂಡವ್ಳೆ. ನಾನ್ ಮರ್ತಿಲ್ಲ.

ಅದ್ನ ಬರ್ದು ಕಳ್ಸಿ. ಇದ್ದಂಗೇ ಬರೀರಿ. ದೀಪಾವಳಿಗೆ ಊರಿಗೆ ಓದಾಗ ಬುಕ್ಕು ಅಮ್ಮಂಗೆ ಕೊಡ್ತೀನಿ, ಅವ್ಳು ಓದ್ಲಿ. ಆ ಪುಟ ಸೇರ್ಸಾಕೆ ದಾರ ಬಿಚ್ಚಿ ಇಟ್ಟಿವ್ನಿ.

ಕಲೈಸೆಲ್ವಿ